ತವರಿನ ಹೊಸ್ತಿಲಲ್ಲಿ ಕೇಳಿದ ಪ್ರಶ್ನೆ

1951ರ ಕೊನೆಯಲ್ಲಿ ಟೆಲ್ ಅವೀವ್ ನಗರದ ಯಹೂದಿ ಏಜೆನ್ಸಿ ಕಚೇರಿಯ ಮುಂದೆ ಒಂದಷ್ಟು ಜನ ಧರಣಿ ಕೂತರು. ಆಡುವ ಮಾತು ಮರಾಠಿ, ಊರು ಮುಂಬೈ ಮತ್ತು ಅದರ ಸುತ್ತಿನ ಕೊಂಕಣ ಸೀಮೆ. ಇಸ್ರೇಲಿಗೆ ಬಂದು ಹೆಚ್ಚು ಕಾಲವೂ ಆಗಿರಲಿಲ್ಲ. ಸರ್ಕಾರ ಅವರನ್ನು ದಕ್ಷಿಣದ ಮರುಭೂಮಿಯ ಬೀರ್‌ಶೆಬಾ ಊರಿಗೆ ಕಳಿಸಿತ್ತು. ದೂರುಗಳು ಬೇಕಾದಷ್ಟಿದ್ದವು: ಕೆಲಸ ಹಂಚುವಾಗ ನಮ್ಮನ್ನು ಕೊನೆಗೆ ನಿಲ್ಲಿಸುತ್ತಾರೆ, ಮನೆ ಹಂಚುವಾಗಲೂ ಅಷ್ಟೆ, ಮೈಬಣ್ಣ ನೋಡಿ ಹಂಗಿಸುತ್ತಾರೆ, ಯುರೋಪಿನಿಂದ ಬಂದವರಿಗೆ ಬಿಳಿ ಬ್ರೆಡ್ಡು ಕೊಟ್ಟು ನಮಗೆ ಕಪ್ಪು ಬ್ರೆಡ್ಡು ಕೊಡುತ್ತಾರೆ. ಬೇಡಿಕೆ ಮಾತ್ರ ಒಂದೇ. ನಮ್ಮನ್ನು ಭಾರತಕ್ಕೆ ವಾಪಸ್ ಕಳಿಸಿ.

ಲೋಕದ ಮೂಲೆಮೂಲೆಯಿಂದ ಯಹೂದಿಗಳನ್ನು ಕರೆತರುವುದೇ ಆ ಏಜೆನ್ಸಿಯ ಕಸುಬು. ಬಂದವರನ್ನು ವಾಪಸ್ ಕಳಿಸಲು ಅವರ ಬಳಿ ಒಂದು ಫಾರಂ ಕೂಡ ಇದ್ದಿರಲಾರದು. ಉಪವಾಸ, ಧರಣಿ ಎಂದು ತಿಂಗಳುಗಟ್ಟಲೆ ಎಳೆದಾಡಿ, 1952ರಲ್ಲಿ ನೂರಕ್ಕೂ ಹೆಚ್ಚು ಜನರನ್ನು ಏಜೆನ್ಸಿಯೇ ಖರ್ಚು ಹಾಕಿ ಭಾರತಕ್ಕೆ ಕಳಿಸಿಕೊಟ್ಟಿತು. ಉಪವಾಸ ಕೂತು ಸರ್ಕಾರವನ್ನು ಮಣಿಸುವ ವಿದ್ಯೆಯನ್ನು ಅವರು ಎಲ್ಲಿಂದ ಕಲಿತು ಹೋಗಿದ್ದರೆಂದು ಬೇರೆ ಹೇಳಬೇಕಿಲ್ಲ. ತಮಾಷೆಯೆಂದರೆ, ಹಾಗೆ ಹಿಂದಿರುಗಿದವರಲ್ಲಿ ಬಹುಮಂದಿ ಕೆಲವೇ ವರ್ಷಗಳಲ್ಲಿ ಮತ್ತೆ ಇಸ್ರೇಲಿಗೇ ಹೋಗಿ ನೆಲೆಸಿದರು.

ಯಹೂದಿಗಳು ಪೂರ್ವಜರ ನಾಡಿಗೆ ವಲಸೆ ಹೋಗುವುದನ್ನು ಹೀಬ್ರೂವಿನಲ್ಲಿ ಅಲಿಯಾ ಎನ್ನುತ್ತಾರೆ. ಆ ವಲಸೆಯ ಕಥೆಯನ್ನು ನಾವು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಕೇಳುತ್ತೇವೆ. ಒಂದು, ಎರಡು ಸಾವಿರ ವರ್ಷಗಳ ಹಂಬಲ ಈಡೇರಿದ ಕಥೆ. ಇನ್ನೊಂದು, ಸಾವಿನ ಬಾಯಿಂದ ತಪ್ಪಿಸಿಕೊಂಡ ಕಥೆ. ಎರಡರಲ್ಲೂ ಕಥೆ ಹಡಗಿನಿಂದ ಇಳಿದು ಮಣ್ಣಿಗೆ ಮುತ್ತಿಡುವಲ್ಲಿಗೆ ಮುಗಿದುಬಿಡುತ್ತದೆ. ಮಾರನೆಯ ದಿನ ಬೆಳಿಗ್ಗೆ ಏನಾಯಿತು? ಅದಕ್ಕೆ ಭಾರತದಿಂದ ಹೋದ ಯಹೂದಿಗಳನ್ನು ನೋಡಬೇಕು. ಏಕೆಂದರೆ ಅವರನ್ನು ಹಿಂದಿನಿಂದ ಯಾರೂ ಅಟ್ಟಿಸಿಕೊಂಡು ಬಂದಿರಲಿಲ್ಲ. ಪೋಲೆಂಡಿನವನಿಗೆ ಹಿಂದಿರುಗಲು ಮನೆಯೇ ಉಳಿದಿರಲಿಲ್ಲ. 1941ರ ಗಲಭೆಯಲ್ಲಿ ನೂರಾರು ಹೆಣ ಕಂಡ ಬಾಗ್ದಾದಿನವನು ಅಲ್ಲಿಗೆ ಮತ್ತೆ ಕಾಲಿಡುವಂತಿರಲಿಲ್ಲ. ಅಂಥವರು ಕೊಟ್ಟಿದ್ದನ್ನು ತಿಂದು ಸುಮ್ಮನಿರಬೇಕಿತ್ತು. ಮುಂಬೈಯವನು ಹಾಗಲ್ಲ. ಅವನಿಗೆ ಹೋಲಿಸಿ ನೋಡಲು ಒಂದು ಹಿಂದಿನ ಬದುಕಿತ್ತು, ಅದೇನೂ ಕೆಟ್ಟ ಬದುಕಾಗಿರಲಿಲ್ಲ.

1948ರ ಮೇ ತಿಂಗಳಲ್ಲಿ ಇಸ್ರೇಲ್ ಹುಟ್ಟಿದಾಗ ಅಲ್ಲಿದ್ದ ಯಹೂದಿಗಳು ಸುಮಾರು ಆರೂವರೆ ಲಕ್ಷ. 1951 ಮುಗಿಯುವ ಹೊತ್ತಿಗೆ ಹೊರಗಿನಿಂದ ಬಂದವರೇ ಸುಮಾರು ಏಳು ಲಕ್ಷ. ಯೆಮನಿನಿಂದ ವಿಮಾನದಲ್ಲಿ ಸುಮಾರು ಐವತ್ತು ಸಾವಿರ, ಇರಾಕಿನಿಂದ ಒಂದು ಲಕ್ಷ ಇಪ್ಪತ್ತು ಸಾವಿರದಷ್ಟು. ಜೊತೆಗೆ ಯುರೋಪಿನ ಶಿಬಿರಗಳಿಂದ, ರುಮೇನಿಯಾದಿಂದ, ಮೊರೊಕ್ಕೊದಿಂದ. ಮೂರೂವರೆ ವರ್ಷದಲ್ಲಿ ಮನೆಮಂದಿಗಿಂತ ಬಂದವರೇ ಹೆಚ್ಚಾದರು. 1950ರ ಜುಲೈ 5ರಂದು ಅಲ್ಲಿನ ಸಂಸತ್ತು ಕ್ನೆಸೆಟ್ 'ಮರಳುವ ಹಕ್ಕಿನ ಕಾಯ್ದೆ'ಯನ್ನು ಪಾಸು ಮಾಡಿತು. ಜಗತ್ತಿನ ಯಾವ ಯಹೂದಿಯೂ ಬಂದು ನೆಲೆಸಬಹುದು, ಅದು ಅವನ ಹಕ್ಕು ಎಂಬುದು ಅದರ ಸಾರ. ಆದರೆ ಯಹೂದಿ ಯಾರು ಎಂಬುದನ್ನು ಆ ಕಾಯ್ದೆಯಲ್ಲಿ ಬರೆದಿರಲಿಲ್ಲ. ಯಹೂದಿ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರು ಅಥವಾ ಆ ಧರ್ಮಕ್ಕೆ ಮತಾಂತರವಾದವರು, ಬೇರೆ ಧರ್ಮಕ್ಕೆ ಸೇರಿರದವರು ಎಂಬ ವಿವರಣೆ ಸೇರಿದ್ದು 1970ರ ತಿದ್ದುಪಡಿಯಲ್ಲಿ. ಯಹೂದಿಯ ಮಕ್ಕಳು, ಮೊಮ್ಮಕ್ಕಳು, ಅವರ ಗಂಡ ಹೆಂಡಿರಿಗೂ ಹಕ್ಕು ಸಿಕ್ಕಿದ್ದು ಅದೇ ತಿದ್ದುಪಡಿಯಿಂದ. ಆ ಇಪ್ಪತ್ತು ವರ್ಷಗಳ ಖಾಲಿ ಜಾಗದಲ್ಲಿ ಏನೇನು ನಡೆಯಿತೆಂಬುದನ್ನು ಮುಂದೆ ನೋಡೋಣ.

ಬಂದವರನ್ನು ಇಡುವುದೆಲ್ಲಿ? 'ಮಾಬರಾ' ಎಂಬ ತಾತ್ಕಾಲಿಕ ಶಿಬಿರಗಳಲ್ಲಿ. ತಗಡಿನ ಶೆಡ್ಡು, ಟಾರ್ಪಾಲಿನ ಡೇರೆ, ಸಾಮೂಹಿಕ ನಲ್ಲಿ, ಸಾಮೂಹಿಕ ಕಕ್ಕಸು. 1951ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಹೀಗೆ ಬದುಕುತ್ತಿದ್ದರು. ಮೊಟ್ಟೆ, ಮಾಂಸ, ಸಕ್ಕರೆ ಎಲ್ಲಕ್ಕೂ ಪಡಿತರ. 1949ರಲ್ಲಿ ಶುರುವಾದ ಈ ಪಡಿತರ ವ್ಯವಸ್ಥೆ ಪೂರ್ತಿ ತೊಲಗಿದ್ದು ಹತ್ತು ವರ್ಷದ ಮೇಲೆ. ಇಂಥ ದೇಶದಲ್ಲಿ ಬಿಳಿ ಬ್ರೆಡ್ಡು, ಕಪ್ಪು ಬ್ರೆಡ್ಡು ಎಂದು ಜಗಳವಾಡುವುದು ಅಲ್ಪತನವೆಂದು ಅಧಿಕಾರಿಗಳಿಗೆ ಅನ್ನಿಸಿರಬಹುದು. ಆದರೆ ಅನ್ನ ತಿಂದು ಬೆಳೆದವನಿಗೆ ಎರಡೂ ಬ್ರೆಡ್ಡು ಒಂದೇ ರುಚಿ. ಪಂಕ್ತಿಭೇದ ಎಂದರೇನೆಂದು ಗೊತ್ತಿರುವ ದೇಶದಿಂದ ಹೋದವರು ಅವರು, ಬ್ರೆಡ್ಡಿನ ಬಣ್ಣದಲ್ಲಿ ಅದನ್ನು ಗುರುತಿಸಿದರು.

ಅವರು ಬೆನೆ ಇಸ್ರೇಲಿಗಳು. ಬಹಳ ಹಿಂದೆ ಅಲಿಬಾಗ್ ಹತ್ತಿರದ ನವಗಾಂವ್ ಕಡಲ ತೀರದಲ್ಲಿ ಹಡಗು ಒಡೆದು, ಬದುಕುಳಿದ ಏಳು ಜೋಡಿಗಳಿಂದ ತಮ್ಮ ಸಂತತಿ ಬೆಳೆಯಿತೆಂಬುದು ಅವರ ನಂಬಿಕೆ. ಕೊಂಕಣದ ಹಳ್ಳಿಗಳಲ್ಲಿ ಗಾಣಿಗರಾಗಿ ಎಣ್ಣೆ ತೆಗೆಯುತ್ತಿದ್ದರು. ಶನಿವಾರ ಗಾಣ ಕಟ್ಟದ ಕಾರಣ ಊರವರು ಅವರನ್ನು 'ಶನಿವಾರ ತೇಲಿ' ಎಂದು ಕರೆದರು. ಪೆಣ್ ಊರಿನವರು ಪೆಣಕರ್, ರೋಹೆಯವರು ರೋಹೆಕರ್ ಆದರು. ಬ್ರಿಟಿಷರ ಕಾಲಕ್ಕೆ ಮುಂಬೈ ಸೇರಿ ಪಲ್ಟಣಿನಲ್ಲಿ, ರೈಲ್ವೆಯಲ್ಲಿ, ಅಂಚೆ ಕಚೇರಿಯಲ್ಲಿ, ಕಸ್ಟಮ್ಸಿನಲ್ಲಿ ಗುಮಾಸ್ತರೂ ಮೇಸ್ತ್ರಿಗಳೂ ಆದರು. ಸ್ವಾತಂತ್ರ್ಯ ಬಂದ ಹೊತ್ತಿಗೆ ಅವರ ಸಂಖ್ಯೆ ಸುಮಾರು ಇಪ್ಪತ್ತು ಸಾವಿರ.

ಹಾಗಾದರೆ ಹೊರಟಿದ್ದೇಕೆ? ಭಕ್ತಿ ಒಂದು ಕಾರಣ. ದಿನದ ಪ್ರಾರ್ಥನೆಯಲ್ಲೇ ಜೆರುಸಲೆಮ್ ಇರುವ ಜನ ಅವರು. ಬ್ರಿಟಿಷರು ಹೋದ ಮೇಲೆ ಸರ್ಕಾರಿ ನೌಕರಿ ಮೊದಲಿನಷ್ಟು ಸಲೀಸಾಗಿ ಸಿಗಲಾರದೆಂಬ ಅಳುಕು ಎರಡನೆಯದು. ಇಸ್ರೇಲಿನಿಂದ ಬಂದ ಪ್ರಚಾರಕರ ಮಾತು ಮೂರನೆಯದು. ಆಮೇಲಿನ ವರ್ಷಗಳಲ್ಲಿ ಇವೆಲ್ಲಕ್ಕಿಂತ ದೊಡ್ಡ ಕಾರಣ ಯಾವ ವಲಸೆಯಲ್ಲೂ ಇರುವಂಥದ್ದೇ: ಅಣ್ಣ ಹೋದ, ಅತ್ತಿಗೆ ಹೋದಳು, ಹುಡುಗಿಗೆ ಗಂಡು ಸಿಗಬೇಕಾದರೆ ನಾವೂ ಹೋಗಬೇಕು. ಮುಂಬೈ, ಕಲ್ಕತ್ತದ ಸಿರಿವಂತ ಬಾಗ್ದಾದಿ ಯಹೂದಿಗಳಲ್ಲಿ ಹೆಚ್ಚಿನವರು ಮಾತ್ರ ಇಂಗ್ಲೆಂಡ್, ಆಸ್ಟ್ರೇಲಿಯಾ, ಕೆನಡಾಗಳ ದಾರಿ ಹಿಡಿದರು. ಹಂಬಲ ಎಲ್ಲರಿಗೂ ಒಂದೇ ಆದರೂ ಟಿಕೆಟ್ಟು ಬೇರೆ ಕಡೆಗೆ ತೆಗೆಯುವ ತಾಕತ್ತು ಎಲ್ಲರಿಗೂ ಇರುವುದಿಲ್ಲ.

ಕೊಚ್ಚಿಯ ಕಥೆ ಸ್ವಲ್ಪ ಬೇರೆ. ಕೊಚ್ಚಿ, ಎರ್ನಾಕುಲಂ, ಪರವೂರು, ಚೇಂದಮಂಗಲಂ, ಮಾಳ ಊರುಗಳಲ್ಲಿ ಎಲ್ಲ ಸೇರಿ ಸುಮಾರು ಎರಡೂವರೆ ಸಾವಿರ ಯಹೂದಿಗಳಿದ್ದರು. ಹೊರಡಲು ಇವರಿಗಿದ್ದ ಆತುರ ಬೆನೆ ಇಸ್ರೇಲಿಗಳಿಗೂ ಇರಲಿಲ್ಲ. ತಡೆದದ್ದು ಆನೆಕಾಲು ರೋಗ. ಕೇರಳದ ಕರಾವಳಿಯಲ್ಲಿದ್ದ ಈ ರೋಗ ತಮ್ಮಲ್ಲಿಗೂ ಬಂದೀತೆಂದು ಇಸ್ರೇಲಿನ ಆರೋಗ್ಯ ಇಲಾಖೆ ಹೆದರಿ ವರ್ಷಗಟ್ಟಲೆ ಕಾಯಿಸಿತು. ಅವರ ಪರವಾಗಿ ಓಡಾಡಿದವರು ಎ.ಬಿ. ಸೇಲಂ ಎಂಬ ವಕೀಲರು. ಈ ಸೇಲಂ ಅವರ ಬಗ್ಗೆ ಒಂದು ಮಾತು ಹೇಳಲೇಬೇಕು. ಕೊಚ್ಚಿಯ ಪರದೇಶಿ ಸಿನಗಾಗಿನಲ್ಲಿ, ಅಂದರೆ ಯಹೂದಿ ಪ್ರಾರ್ಥನಾ ಮಂದಿರದಲ್ಲಿ, ಹಿಂದೊಮ್ಮೆ ಜೀತದಿಂದ ಬಿಡುಗಡೆಯಾದವರ ವಂಶದವರೆಂದು ಗುರುತಿಸಿ ಕೆಲವರನ್ನು ಒಳಗೆ ಬೆಂಚಿನ ಮೇಲೆ ಕೂರಲು ಬಿಡುತ್ತಿರಲಿಲ್ಲ. ಸೇಲಂ ಆ ವಂಶದವರು. ಸಿನಗಾಗಿನೊಳಗೇ ಸತ್ಯಾಗ್ರಹ ಮಾಡಿ ಆ ಕಟ್ಟಳೆಯನ್ನು ಮುರಿದರು. ಜನ ಅವರನ್ನು ಯಹೂದಿ ಗಾಂಧಿ ಎಂದು ಕರೆದರು. 1950ರ ದಶಕದಲ್ಲಿ ಇಸ್ರೇಲಿಗೆ ಹೋಗಿ ಮಲಬಾರಿನ ಯಹೂದಿಗಳಿಗೆ ದಾರಿ ಬಿಡಿಸಲು ವಾದಿಸಿದ ಮನುಷ್ಯ ತಾನು ಮಾತ್ರ ಕೊಚ್ಚಿಯಲ್ಲೇ ಉಳಿದು 1967ರಲ್ಲಿ ಅಲ್ಲೇ ತೀರಿಕೊಂಡರು.

ಕೊಚ್ಚಿಯವರು ಗುಂಪಾಗಿ ಹೋದದ್ದು 1953ರಿಂದ 1955ರ ನಡುವೆ. ಅವರನ್ನು 'ಮೊಶಾವ್' ಎಂಬ ಸಹಕಾರಿ ಕೃಷಿ ಗ್ರಾಮಗಳಲ್ಲಿ ಇಟ್ಟರು. ಮೊಶಾವಿನಲ್ಲಿ ಪ್ರತಿ ಮನೆಗೂ ತನ್ನ ಪಾಲಿನ ಜಮೀನು. ನೀರು, ಸಾಲ, ಮಾರಾಟ ಮಾತ್ರ ಒಟ್ಟಾಗಿ. ಜೆರುಸಲೆಮ್ ಬೆಟ್ಟಗಳ ಬಳಿ ಮೆಸಿಲತ್ ಝಿಯೋನ್, ತಾವೋಜ್, ಅವಿಯೇಜರ್, ಬೀರ್‌ಶೆಬಾ ಹತ್ತಿರ ನೆವತೀಮ್, ಲೆಬನಾನ್ ಗಡಿಯಲ್ಲಿ ಕ್ಫಾರ್ ಯುವಾಲ್. ಬಂದವರು ಯಾರೂ ರೈತರಲ್ಲ. ಕೇರಳದಲ್ಲಿ ಮೊಟ್ಟೆ, ಮೀನು, ಹಣ್ಣು ಮಾರುತ್ತಿದ್ದ ಸಣ್ಣ ವ್ಯಾಪಾರಿಗಳು. ವರ್ಷಕ್ಕೆ ಎರಡು ಮಳೆಗಾಲ ಕಾಣುವ ನಾಡಿನಿಂದ ಹೊರಟು, ಮಳೆಯೇ ಅಪರೂಪವಾದ ನೆಗೆವ್ ಮರುಭೂಮಿಯಲ್ಲಿ ಕೋಳಿ ಸಾಕಿ, ಹಣ್ಣಿನ ಗಿಡ ನೆಟ್ಟು, ಬರಬರುತ್ತ ಗಾಜಿನ ಮನೆಯಲ್ಲಿ ಹೂ ಬೆಳೆದರು. ಚೇಂದಮಂಗಲದಲ್ಲಿ ಹುಟ್ಟಿ 1955ರಲ್ಲಿ ವಲಸೆ ಹೋದ ಎಲಿಯಾಹು ಬೆಜಲೇಲ್ ಇಂಥ ಹೂವಿನ ಕೃಷಿಯಲ್ಲಿ ಎಷ್ಟು ಹೆಸರು ಮಾಡಿದರೆಂದರೆ, ಭಾರತ ಸರ್ಕಾರವೇ ಕರೆದು ಪ್ರವಾಸಿ ಭಾರತೀಯ ಸಮ್ಮಾನ ಕೊಟ್ಟಿತು.

ಒಂದು ಲೆಕ್ಕದಲ್ಲಿ ಮರುಭೂಮಿಗೆ ಬಿದ್ದದ್ದೇ ಕೊಚ್ಚಿಯವರಿಗೆ ಒಳಿತಾಯಿತೆಂದು ನನಗೆ ಅನ್ನಿಸುತ್ತದೆ. ಊರಿಗೆ ಊರೇ ಒಟ್ಟಿಗಿದ್ದರು. ಸಿನಗಾಗಿನಲ್ಲಿ ತಮ್ಮದೇ ರಾಗ, ಅಡುಗೆಮನೆಯಲ್ಲಿ ತಮ್ಮದೇ ಒಗ್ಗರಣೆ. ಮದುವೆಯಲ್ಲಿ ಹೆಂಗಸರು ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಂಡ ಮಲಯಾಳಂ ಹಾಡು ಹಾಡುತ್ತಿದ್ದರು. ಆ ನೋಟುಬುಕ್ಕುಗಳೇ ಮುಂದೆ ವಿದ್ವಾಂಸರಿಗೆ ಆಕರವಾಗಿ, ಹಾಡುಗಳು ಮಲಯಾಳಂ ಮತ್ತು ಹೀಬ್ರೂ ಎರಡರಲ್ಲೂ ಅಚ್ಚಾದವು. ಜೆರುಸಲೆಮ್‌ನ ಇಸ್ರೇಲ್ ಮ್ಯೂಸಿಯಮ್ಮಿಗೆ ಹೋದವರು ಮಟ್ಟಾಂಚೇರಿಯ ಕಡವುಂಭಾಗಂ ಸಿನಗಾಗಿನ ಕೆತ್ತನೆಯ ಮರದ ಒಳಾಂಗಣವನ್ನು ಹಾಗೆಯೇ ನೋಡಬಹುದು. ಜನ ಹೋದ ಮೇಲೆ ಕಟ್ಟಡವೂ ವಲಸೆ ಹೋಯಿತು.

ಎಲ್ಲರೂ ಗುಂಪಿನಲ್ಲಿ ಹೋಗಲಿಲ್ಲ. ಕೊಚ್ಚಿಯ ರೂಬಿ ಡೇನಿಯಲ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯ ಮಹಿಳಾ ವಿಭಾಗದಲ್ಲಿ ಕೆಲಸ ಮಾಡಿದ್ದವರು. 1951ರಲ್ಲಿ ಇಸ್ರೇಲಿಗೆ ಹೋಗಿ ಉತ್ತರದ ನೆಯೋತ್ ಮೊರ್ದೆಖಾಯ್ ಎಂಬ ಕಿಬ್ಬುತ್ಸ್ ಸೇರಿದರು. ಕಿಬ್ಬುತ್ಸ್ ಎಂದರೆ ದುಡಿಮೆ, ಊಟ, ಆಸ್ತಿ ಎಲ್ಲ ಒಟ್ಟಾಗಿರುವ ಸಮುದಾಯ. ಅಂಥ ಬಹುಪಾಲು ಕಿಬ್ಬುತ್ಸ್‌ಗಳಲ್ಲಿ ಸಮಾಜವಾದವೇ ದೇವರು. ಧರ್ಮನಿಷ್ಠೆಗಾಗಿ ಪವಿತ್ರ ನಾಡಿಗೆ ಹೋದ ಹೆಂಗಸಿಗೆ ಅಲ್ಲಿ ಸಿಕ್ಕಿದ್ದು ಧರ್ಮದ ಗೊಡವೆಯೇ ಬೇಡವೆನ್ನುವ ಯಹೂದಿಗಳು. ಕೊಚ್ಚಿಯ ಯಹೂದಿ ಕೇರಿಯ ಬದುಕನ್ನು ನೆನಪಿನಿಂದ ಬರೆದು ಉಳಿಸಿದವರಲ್ಲಿ ಆಕೆ ಒಬ್ಬರು. ಬರೆದದ್ದು ಆ ಕಿಬ್ಬುತ್ಸ್‌ನಲ್ಲಿ ಕೂತು.

ಇನ್ನು ಭಾಷೆ. ಎಲಿಯೇಜರ್ ಬೆನ್ ಯೆಹೂದಾ 1881ರಲ್ಲಿ ಜೆರುಸಲೆಮ್ಮಿಗೆ ಬಂದು, ಹುಟ್ಟಿದ ಮಗುವಿನ ಕಿವಿಗೆ ಹೀಬ್ರೂ ಬಿಟ್ಟು ಬೇರೆ ಮಾತು ಬೀಳದಂತೆ ಹಟ ಹಿಡಿದ ಕಾಲದಿಂದ, ಆ ಭಾಷೆಯನ್ನು ಬಂದವರಿಗೆಲ್ಲ ಕಲಿಸುವುದು ಅಲ್ಲಿ ಒಂದು ವ್ರತ. 1949ರಲ್ಲಿ ಜೆರುಸಲೆಮ್‌ನಲ್ಲಿ ಮೊದಲ 'ಉಲ್ಪಾನ್' ತೆರೆಯಿತು. ವಲಸಿಗರಿಗೆ ಹೀಬ್ರೂ ಕಲಿಸುವ ಈ ಶಾಲೆ ಸಾಮಾನ್ಯವಾಗಿ ಐದು ತಿಂಗಳು, ವಾರಕ್ಕೆ ಐದು ದಿನ. ಡಾಕ್ಟರು, ದರ್ಜಿ, ಅಜ್ಜಿ, ಹದಿನೆಂಟರ ಹುಡುಗ ಒಂದೇ ಬೆಂಚಿನಲ್ಲಿ. ಬರವಣಿಗೆ ಬಲದಿಂದ ಎಡಕ್ಕೆ, ಅದು ಹೇಗೋ ಅಭ್ಯಾಸವಾಗುತ್ತದೆ. ಕಷ್ಟ ಬೇರೆಯೇ ಇದೆ. ದಿನಪತ್ರಿಕೆ, ಬಸ್ಸಿನ ಬೋರ್ಡು, ಕರೆಂಟ್ ಬಿಲ್ಲು ಯಾವುದರಲ್ಲೂ ಸ್ವರಚಿಹ್ನೆ ಇರುವುದಿಲ್ಲ. ಕನ್ನಡದಲ್ಲಿ ಕಾಗುಣಿತವನ್ನೆಲ್ಲ ಕಿತ್ತು 'ಕಲ' ಎಂದಷ್ಟೇ ಬರೆದು, ಅದು ಕಾಲೋ ಕೂಲಿಯೋ ಕೋಲೋ ನೀವೇ ಊಹಿಸಿ ಎಂದ ಹಾಗೆ. ಭಾಷೆ ಬಂದವನಿಗೆ ಅದನ್ನು ಓದಲು ತೊಡಕಿಲ್ಲ. ಕಲಿಯುವವನಿಗೆ ಓದಲು ಬರಬೇಕಾದರೆ ಮೊದಲೇ ಭಾಷೆ ಬಂದಿರಬೇಕು. ಕೊಚ್ಚಿಯವರು ಈ ವಿಷಯದಲ್ಲಿ ಸ್ವಲ್ಪ ಮುಂದಿದ್ದರು, ಏಕೆಂದರೆ ಪ್ರಾರ್ಥನೆಯ ಹೀಬ್ರೂ ಅವರಿಗೆ ಬಾಯಿಪಾಠವಾಗಿತ್ತು. ಆದರೆ ಪ್ರಾರ್ಥನೆಯ ಭಾಷೆಯಲ್ಲಿ ತರಕಾರಿ ಚೌಕಾಸಿ ಮಾಡಲಾಗುವುದಿಲ್ಲ.

ವಾರದ ಲೆಕ್ಕವೂ ಬೇರೆ. ಶುಕ್ರವಾರ ಸೂರ್ಯ ಮುಳುಗಿದರೆ ಹೆಚ್ಚಿನ ಊರುಗಳಲ್ಲಿ ಬಸ್ಸು ನಿಂತು ಅಂಗಡಿ ಮುಚ್ಚುತ್ತವೆ. ಭಾನುವಾರ ಬೆಳಿಗ್ಗೆ ಶಾಲೆ, ಕಚೇರಿ ಎಲ್ಲ ಶುರು. ಭಾರತದಲ್ಲಿ ಶನಿವಾರ ರಜೆ ಸಿಗದೆ ಒದ್ದಾಡುತ್ತಿದ್ದ ಯಹೂದಿ ಗುಮಾಸ್ತನಿಗೆ ಕಡೆಗೂ ತನ್ನ ಶನಿವಾರ ಸಿಕ್ಕಿತು, ಭಾನುವಾರ ಹೋಯಿತು.

ಇವೆಲ್ಲ ಕಾಲ ಕಳೆದಂತೆ ರೂಢಿಯಾಗುವ ಕಷ್ಟಗಳು. ಬಿಸಿಲು, ಭಾಷೆ, ಬ್ರೆಡ್ಡು ಯಾವುದೂ ಬೆನೆ ಇಸ್ರೇಲಿಗಳನ್ನು ಮುರಿಯಲಿಲ್ಲ. ಮುರಿಯುವ ಹತ್ತಿರ ತಂದದ್ದು ಮದುವೆ ನೋಂದಣಿ.

ಇಸ್ರೇಲಿನಲ್ಲಿ ಸಿವಿಲ್ ಮದುವೆಯೇ ಇಲ್ಲ. ಯಹೂದಿಗಳ ಮದುವೆ ಅವರ ಧರ್ಮಗುರುಗಳಾದ ರಬ್ಬಿಗಳ ಕೈಯಲ್ಲಿ, ಮುಸ್ಲಿಮರದು ಷರಿಯಾ ನ್ಯಾಯಾಲಯದಲ್ಲಿ, ಕ್ರೈಸ್ತರದು ಚರ್ಚಿನಲ್ಲಿ. ಒಟ್ಟೊಮನ್ ತುರ್ಕರ ಕಾಲದಿಂದ ಬಂದ ಈ ಏರ್ಪಾಡು ಇವತ್ತಿಗೂ ಬಹುಮಟ್ಟಿಗೆ ಹಾಗೆಯೇ ಇದೆ. ಒಲ್ಲದ ಜೋಡಿಗಳು ಸೈಪ್ರಸ್ಸಿಗೆ ಹಾರಿ ಮದುವೆಯಾಗಿ ಬರುತ್ತವೆ. 1950ರ ದಶಕದಲ್ಲಿ ಬೆನೆ ಇಸ್ರೇಲಿ ಹುಡುಗ ಹುಡುಗಿಯರು ಬೇರೆ ಯಹೂದಿಗಳನ್ನು ಮದುವೆಯಾಗಲು ಹೋದಾಗ ಕೆಲವು ರಬ್ಬಿಗಳು ಒಲ್ಲೆವೆಂದರು. ವಾದ ಹೀಗಿತ್ತು: ಇವರು ನೂರಾರು ವರ್ಷ ಉಳಿದ ಯಹೂದಿ ಲೋಕದಿಂದ ದೂರ, ಕೊಂಕಣದ ಹಳ್ಳಿಗಳಲ್ಲಿ ಒಬ್ಬಂಟಿಯಾಗಿದ್ದವರು. ನಡುವೆ ಯಾರಾದರೂ ಹೊರಗಿನವರನ್ನು ಮದುವೆಯಾಗಿದ್ದರೆ? ವಿಚ್ಛೇದನ ಧರ್ಮಶಾಸ್ತ್ರದ ಪ್ರಕಾರ ನಡೆಯದೆ, ಹೆಂಗಸು ಮರುಮದುವೆಯಾಗಿದ್ದರೆ? ಅಂಥ ಮದುವೆಯಿಂದ ಹುಟ್ಟಿದವರಿಗೂ ಅವರ ಸಂತತಿಗೂ ಬೇರೆ ಯಹೂದಿಗಳೊಂದಿಗೆ ಸಂಬಂಧವೇ ನಿಷಿದ್ಧ. 1961ರಲ್ಲಿ ಪ್ರಧಾನ ರಬ್ಬಿಗಳ ಮಂಡಳಿ ಮದುವೆಗೆ ಅಡ್ಡಿಯಿಲ್ಲವೆಂದು ತೀರ್ಮಾನಿಸಿತು. ಆದರೆ 1962ರ ಆರಂಭದಲ್ಲಿ ಪ್ರಧಾನ ರಬ್ಬಿ ಯಿತ್ಸಾಕ್ ನಿಸ್ಸೀಮ್ ಅವರ ಕಚೇರಿ ಕಳಿಸಿದ ಸೂಚನೆ ಬೇರೆಯೇ ಆಗಿತ್ತು. ಬೆನೆ ಇಸ್ರೇಲಿಗಳು ಮದುವೆಗೆ ಅರ್ಜಿ ಹಾಕಿದರೆ ತಾಯಿ, ತಾಯಿಯ ತಾಯಿ, ಅವಳ ತಾಯಿ ಎಂದು ಎಷ್ಟು ಹಿಂದಕ್ಕೆ ಹೋಗಲು ಸಾಧ್ಯವೋ ಅಷ್ಟೂ ವಿಚಾರಿಸಿ, ಹಿರಿಯರಲ್ಲಿ ಯಾರಾದರೂ ವಿಚ್ಛೇದನ ಪಡೆದಿದ್ದರೇ ಎಂದೂ ನೋಡಿ.

ಅರ್ಜಿ ಹಾಕಿದವರ ಕಡೆಯಿಂದ ಇದನ್ನು ನೋಡಬೇಕು. ಮುಂಬೈಯಲ್ಲಿ ಅವರು ಯಹೂದಿಗಳೆಂಬ ಬಗ್ಗೆ ನೆರೆಹೊರೆಗೆ ಅನುಮಾನವಿರಲಿಲ್ಲ. ಹಿಂದೂ ನೆರೆಯವರಿಗಿರಲಿಲ್ಲ, ಮುಸ್ಲಿಮರಿಗಿರಲಿಲ್ಲ, ಸೆನ್ಸಸ್ಸಿನವರಿಗಿರಲಿಲ್ಲ. ಶನಿವಾರ ಗಾಣ ನಿಲ್ಲಿಸಿ, ಆ ಒಂದು ಗುರುತಿನ ಮೇಲೆಯೇ ನೂರಾರು ವರ್ಷ ಬದುಕಿದ ಜನ. ಆ ಗುರುತಿನ ಬಲದಿಂದಲೇ ವಿಮಾನ ಹತ್ತಿದ್ದರು. ಅದನ್ನು ಸಾಬೀತು ಮಾಡಿ ಎಂದು ಅವರನ್ನು ಕೇಳಿದ್ದು ಯಹೂದಿಗಳದೇ ದೇಶದಲ್ಲಿ. ಪೆಣ್ ತಾಲ್ಲೂಕಿನ ಗಾಣಿಗರ ಮನೆಯ ಮುತ್ತಜ್ಜಿಯ ಮದುವೆಗೆ ದಾಖಲೆ ಎಲ್ಲಿಂದ ತರುವುದು? ವಾರ್ಸಾದಿಂದ ಬಂದವನನ್ನು ಅವನ ಮುತ್ತಜ್ಜಿ ಯಾರೆಂದು ಹೀಗೆ ಎಲ್ಲರೆದುರು ಹೆಸರು ಹಿಡಿದು ಯಾರೂ ಕೇಳುತ್ತಿರಲಿಲ್ಲ.

ಮತ್ತೆ ಧರಣಿ. ಈ ಸಲ ವಾಪಸ್ ಕಳಿಸಿ ಎಂಬ ಕೂಗು ಮುಖ್ಯವಾಗಿರಲಿಲ್ಲ. 1964ರ ಬೇಸಿಗೆಯಲ್ಲಿ ದೇಶದ ನಾನಾ ಕಡೆಯಿಂದ ಬೆನೆ ಇಸ್ರೇಲಿಗಳು ಜೆರುಸಲೆಮ್ಮಿಗೆ ಬಂದು ಬೀಡುಬಿಟ್ಟರು. ಪ್ರಧಾನ ರಬ್ಬಿಯ ಪ್ರತಿಕೃತಿ ಸುಟ್ಟರು. ಪತ್ರಿಕೆಗಳು, ಕಾರ್ಮಿಕ ಸಂಘಗಳು ಅವರ ಬೆನ್ನಿಗೆ ನಿಂತವು. ರಜೆಯಲ್ಲಿದ್ದ ಕ್ನೆಸೆಟ್ ಆಗಸ್ಟ್ 17ರಂದು ವಿಶೇಷ ಅಧಿವೇಶನ ಸೇರಿತು. ಬೆನೆ ಇಸ್ರೇಲಿಗಳು ಎಲ್ಲ ವಿಷಯದಲ್ಲೂ ಪೂರ್ಣ ಯಹೂದಿಗಳು, ವೈಯಕ್ತಿಕ ಕಾನೂನಿನಲ್ಲೂ ಉಳಿದವರಿಗೆ ಸಮಾನರು ಎಂಬ ಪ್ರಧಾನಿ ಲೆವಿ ಎಶ್ಕೋಲ್ ಸರ್ಕಾರದ ನಿಲುವಿಗೆ ಸಂಸತ್ತು ಮುದ್ರೆ ಒತ್ತಿತು. ಎರಡು ವಾರದಲ್ಲಿ ರಬ್ಬಿಗಳು ಸೂಚನೆಯಿಂದ 'ಬೆನೆ ಇಸ್ರೇಲ್' ಎಂಬ ಹೆಸರನ್ನು ತೆಗೆದರು. ಯಾರ ಬಗ್ಗೆ ಅನುಮಾನವಿದೆಯೋ ಅವರೆಲ್ಲರನ್ನೂ ವಿಚಾರಿಸಿ ಎಂದು ಬದಲಿಸಿದರು. ನಮ್ಮ ಇಲಾಖೆಗಳ ಸುತ್ತೋಲೆ ಓದಿ ರೂಢಿಯಿರುವವರಿಗೆ ಈ ಜಾಣತನ ಚೆನ್ನಾಗಿ ಅರ್ಥವಾಗುತ್ತದೆ. 1990ರ ದಶಕದಲ್ಲೂ ಒಂದು ಊರಿನ ರಬ್ಬಿ ಬೆನೆ ಇಸ್ರೇಲಿ ಮದುವೆಗೆ ಕೊಸರಾಡಿ ಸುದ್ದಿಯಾದದ್ದುಂಟು.

ಇಲ್ಲೊಂದು ವಿಷಯ ಬಿಟ್ಟರೆ ಕಥೆ ಅರ್ಧವಾಗುತ್ತದೆ. ಬಂದವರಿಗೆಲ್ಲ ಜಾಗ ಎಲ್ಲಿಂದ ಬಂತು? 1948ರ ಯುದ್ಧದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ಟೀನಿಯನ್ನರು ಮನೆಮಠ ಕಳೆದುಕೊಂಡರು. ಬೆನೆ ಇಸ್ರೇಲಿಗಳು ನೆಲೆಸಿದ ಲೋದ್, ರಾಮ್ಲೆ ಪಟ್ಟಣಗಳ ಅರಬ್ಬರಲ್ಲಿ ಬಹುಪಾಲು ಜನರನ್ನು ಆ ವರ್ಷ ಜುಲೈಯಲ್ಲಿ ಹೊರಹಾಕಲಾಗಿತ್ತು. ಕೊಚ್ಚಿಯವರ ಕ್ಫಾರ್ ಯುವಾಲ್ ಎದ್ದದ್ದು ಆಬಿಲ್ ಅಲ್ ಕಮ್ಹ್ ಎಂಬ ಖಾಲಿಯಾದ ಹಳ್ಳಿಯ ಜಮೀನಿನಲ್ಲಿ. ಮುಂಬೈಯ ಗುಮಾಸ್ತನಾಗಲಿ ಪರವೂರಿನ ಮೊಟ್ಟೆ ವ್ಯಾಪಾರಿಯಾಗಲಿ ಇದನ್ನು ಆರಿಸಿಕೊಂಡವರಲ್ಲ. ಲಾರಿ ಎಲ್ಲಿ ಇಳಿಸಿತೋ ಅಲ್ಲಿ ಇಳಿದರು. ಆದರೂ ಎರಡು ಸಾವಿರ ವರ್ಷದ ಹಿಂದೆ ಹೋದವರಿಗೆ ಮರಳುವ ಹಕ್ಕಿದೆ, ಎರಡು ವರ್ಷದ ಹಿಂದೆ ಹೋದವರಿಗೆ ಇಲ್ಲ ಎಂಬ ಕಾನೂನಿನ ಮೇಲೆ ಅವರ ಮನೆಗಳು ನಿಂತವು. ಕ್ಫಾರ್ ಯುವಾಲ್ ಇವತ್ತಿಗೂ ನೆಮ್ಮದಿಯ ಊರಲ್ಲ. 2023ರ ಅಕ್ಟೋಬರ್‌ನಲ್ಲಿ ಲೆಬನಾನ್ ಕಡೆಯಿಂದ ರಾಕೆಟ್ ದಾಳಿ ಶುರುವಾದಾಗ ತೆರವು ಮಾಡಿಸಿದ ಗಡಿ ಹಳ್ಳಿಗಳಲ್ಲಿ ಅದೂ ಒಂದು.

ಭಾರತೀಯರ ಅನುಭವ ಅವರಿಗಷ್ಟೇ ಮೀಸಲಾಗಿರಲಿಲ್ಲ. 1991ರ ಮೇ ತಿಂಗಳಲ್ಲಿ ಒಂದೂವರೆ ದಿನದೊಳಗೆ ಹದಿನಾಲ್ಕು ಸಾವಿರಕ್ಕೂ ಮಿಕ್ಕಿ ಇಥಿಯೋಪಿಯಾದ ಯಹೂದಿಗಳನ್ನು ಸೀಟು ಕಿತ್ತ ವಿಮಾನಗಳಲ್ಲಿ ತುಂಬಿ ತಂದರು, ಜಗತ್ತೆಲ್ಲ ಬೆರಗಾಗಿ ನೋಡಿತು. ಐದು ವರ್ಷದ ಮೇಲೆ, ಅವರು ದಾನ ಮಾಡಿದ ರಕ್ತವನ್ನು ರೋಗದ ಹೆದರಿಕೆಯಿಂದ ಸದ್ದಿಲ್ಲದೆ ಚೆಲ್ಲಲಾಗುತ್ತಿತ್ತೆಂಬುದು ಬಯಲಾಗಿ ಸಾವಿರಾರು ಜನ ಬೀದಿಗಿಳಿದರು. ಅದೇ ದಶಕದಲ್ಲಿ ಹಿಂದಿನ ಸೋವಿಯತ್ ಒಕ್ಕೂಟದ ನಾಡುಗಳಿಂದ ಹತ್ತಿರಹತ್ತಿರ ಹತ್ತು ಲಕ್ಷ ಜನ ಬಂದರು. ಎಂಜಿನಿಯರುಗಳು ಬೀದಿ ಗುಡಿಸಿದರು, ಸಂಗೀತಗಾರರು ಕಾವಲು ಕೆಲಸಕ್ಕೆ ನಿಂತರು. ಮರಳುವ ಹಕ್ಕಿನ ಕಾಯ್ದೆ ಅಜ್ಜನೊಬ್ಬ ಯಹೂದಿಯಾದರೂ ಸಾಕೆಂದಿತು, ರಬ್ಬಿಗಳು ತಾಯಿಯೇ ಆಗಬೇಕೆಂದರು. ಹಾಗಾಗಿ ಪೌರರಾಗಿ, ಸೈನಿಕರಾಗಿ, ಆದರೆ ಮದುವೆ ಕಚೇರಿಯಲ್ಲಿ ಯಹೂದಿಗಳಲ್ಲದವರಾಗಿ ಲಕ್ಷಾಂತರ ಜನ ಉಳಿದರು. 1962ರಲ್ಲಿ ಬೆನೆ ಇಸ್ರೇಲಿಗಳಿಗೆ ಕೇಳಿದ ಪ್ರಶ್ನೆಯನ್ನೇ ಇವರಿಗೂ ಕೇಳಿದ್ದು.

ಈಗ ಇಸ್ರೇಲಿನಲ್ಲಿ ಭಾರತ ಮೂಲದ ಯಹೂದಿಗಳು ಸುಮಾರು ಎಂಬತ್ತೈದು ಸಾವಿರ. ಭಾರತದಲ್ಲಿ ಉಳಿದವರು ಕೆಲವೇ ಸಾವಿರ. ಡಿಮೋನಾ, ಅಶ್ದೋದ್, ಬೀರ್‌ಶೆಬಾ, ಲೋದ್ ಅವರ ಊರುಗಳು. 'ಮಾಯಬೋಲಿ' ಎಂಬ ಮರಾಠಿ ಪತ್ರಿಕೆ ಅಲ್ಲಿಂದ ಬರುತ್ತದೆ. ಇಸ್ರೇಲಿನ ಕ್ರಿಕೆಟ್ ತಂಡಗಳನ್ನು ಬಹುಮಟ್ಟಿಗೆ ನಡೆಸುವವರು ಅವರೇ, ಬೇರೆಯವರಲ್ಲಿ ಹೆಚ್ಚಿನವರಿಗೆ ಆ ಆಟವೇ ಗೊತ್ತಿಲ್ಲ. ಮನೆಯಲ್ಲಿ ಶುಭಕಾರ್ಯವಾದರೆ ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ 'ಮಲೀದಾ' ಮಾಡುತ್ತಾರೆ: ತಟ್ಟೆಯಲ್ಲಿ ಸಿಹಿ ಅವಲಕ್ಕಿ, ತೆಂಗಿನತುರಿ, ಮೇಲೆ ಹಣ್ಣುಗಳು, ಸುತ್ತ ಕೂತು ಹೀಬ್ರೂ ಪ್ರಾರ್ಥನೆ. ಎಲಿಯಾಹು ಸ್ವರ್ಗಕ್ಕೆ ಏರುವಾಗ ರಥದ ಗುರುತು ಮೂಡಿತೆಂದು ಅವರು ನಂಬುವ ಬಂಡೆ ಇರುವುದು ಅಲಿಬಾಗ್ ಹತ್ತಿರ. ಡಿಮೋನಾದಿಂದ ಮೊಮ್ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಯಾತ್ರೆ ಬರುತ್ತಾರೆ. ಪವಿತ್ರ ನಾಡಿಗೆ ಹೋಗಿ ನೆಲೆಸಿದವರಿಗೆ ಈಗ ತೀರ್ಥಕ್ಷೇತ್ರ ಕೊಂಕಣದಲ್ಲಿದೆ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲವಾದ್ದರಿಂದ ಬರಲು ವೀಸಾ ಬೇಕು ಅಥವಾ ಸಾಗರೋತ್ತರ ಭಾರತೀಯರ ಒಸಿಐ ಕಾರ್ಡು ಬೇಕು. ಇಸ್ರೇಲಿ ಸೇನೆಯಲ್ಲಿ ಕಡ್ಡಾಯ ಸೇವೆ ಮಾಡಿದವರಿಗೂ ಆ ಕಾರ್ಡು ಕೊಡುತ್ತೇವೆಂದು ಪ್ರಧಾನಿ ನರೇಂದ್ರ ಮೋದಿ 2017ರ ಜುಲೈಯಲ್ಲಿ ಟೆಲ್ ಅವೀವ್‌ನಲ್ಲಿ ಹೇಳಿದಾಗ ಸಭೆಯಲ್ಲಿ ಜೋರು ಚಪ್ಪಾಳೆ ಬಿದ್ದಿತ್ತು.

ನಮ್ಮ ಕಡೆಯವರೂ ಅಲ್ಲಿದ್ದಾರೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ತುರ್ಕರಿಂದ ಗೆದ್ದ ಕುದುರೆ ಪಡೆಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಒಂದು. ಮುಂದೆ ಲಕ್ಷಾಂತರ ಯಹೂದಿ ವಲಸಿಗರು ಹಡಗಿನಿಂದ ಇಳಿದದ್ದು ಆ ಹೈಫಾದಲ್ಲೇ. ಇವತ್ತು ಅಲ್ಲಿರುವ ಕನ್ನಡ ನಾಡಿನವರು ಮಂಗಳೂರು, ಉಡುಪಿ ಕಡೆಯಿಂದ ಹೋಂ ನರ್ಸ್ ಕೆಲಸಕ್ಕೆ ಹೋದ ಸಾವಿರಾರು ಮಂದಿ. ವೃದ್ಧರ ಮನೆಯಲ್ಲೇ ಇದ್ದು ಅವರನ್ನು ನೋಡಿಕೊಳ್ಳುತ್ತಾ ಉಲ್ಪಾನಿಗೆ ಹೋಗದೆಯೇ ಹೀಬ್ರೂ ಕಲಿಯುತ್ತಾರೆ. ಯಹೂದಿ ವಲಸಿಗ ವಿಮಾನ ನಿಲ್ದಾಣದಲ್ಲೇ ವಲಸಿಗರ ಪುಸ್ತಕ, ಮೊದಲ ಕಂತಿನ ಹಣ, ಆರೋಗ್ಯ ವಿಮೆ ಪಡೆದು ಹೊರಬರುತ್ತಾನೆ. ಸರ್ಕಾರದ ಸಹಾಯಧನ ಮುಂದಿನ ಅರ್ಧ ವರ್ಷ ತಿಂಗಳು ತಿಂಗಳು ಬರುತ್ತದೆ. ಮಂಗಳೂರಿನ ಹೆಂಗಸು ಗಂಡನನ್ನಾಗಲಿ ಮಕ್ಕಳನ್ನಾಗಲಿ ಕರೆಸಿಕೊಳ್ಳುವಂತಿಲ್ಲ. ಅರವತ್ತಮೂರು ತಿಂಗಳಾದ ಮೇಲೆ ಹೊಸ ಮನೆಗೆ ಕೆಲಸ ಬದಲಿಸುವಂತಿಲ್ಲ, ನೋಡಿಕೊಳ್ಳುತ್ತಿರುವ ಅಜ್ಜಿ ಬದುಕಿರುವಷ್ಟು ದಿನ ಮಾತ್ರ ಇರಬಹುದು. ಇಬ್ಬರಲ್ಲಿ ಆ ದೇಶಕ್ಕೆ ಹೆಚ್ಚು ಬೇಗ ಹೊಂದಿಕೊಳ್ಳುವವರು ಯಾರೆಂದು ಕೇಳಿದರೆ ನಾನು ಮಂಗಳೂರಿನವಳ ಹೆಸರನ್ನೇ ಹೇಳುತ್ತೇನೆ. ಆದರೆ ಆ ದೇಶ ಹೊಂದಾಣಿಕೆಗೆ ಅಂಕ ಕೊಡುವುದಿಲ್ಲ.

ಕೊನೆಯ ಸಾಲಿನಲ್ಲಿರುವವರು ಮಿಜೋರಾಂ ಮತ್ತು ಮಣಿಪುರದ ಬ್ನೇ ಮೆನಾಶೆ. ತಾವು ಇಸ್ರೇಲಿನ ಕಳೆದುಹೋದ ಹತ್ತು ಕುಲಗಳಲ್ಲೊಂದರ ವಂಶದವರೆಂಬುದು ಕುಕಿ, ಮಿಜೋ ಜನರಲ್ಲಿ ಒಂದು ಪಂಗಡದ ನಂಬಿಕೆ. 2005ರಲ್ಲಿ ಪ್ರಧಾನ ರಬ್ಬಿ ಶ್ಲೋಮೊ ಅಮಾರ್ ಅದನ್ನು ಮಾನ್ಯ ಮಾಡಿದರೂ ಧರ್ಮಶಾಸ್ತ್ರದ ಪ್ರಕಾರ ಮತಾಂತರ ಆಗಲೇಬೇಕೆಂದರು. ಆ ವರ್ಷ ರಬ್ಬಿಗಳು ಮಿಜೋರಾಮಿಗೆ ಬಂದು ಮತಾಂತರ ಮಾಡಿಸಿದ್ದಕ್ಕೆ ಭಾರತ ಸರ್ಕಾರ ಆಕ್ಷೇಪಿಸಿತು. ಅಂದಿನಿಂದ ಆ ಕಾರ್ಯ ಇಸ್ರೇಲಿನಲ್ಲೇ ನಡೆಯುತ್ತದೆ. ಮೊದಮೊದಲು ಬಂದವರಲ್ಲಿ ಅನೇಕರನ್ನು ಗಾಜಾ ಪಟ್ಟಿಯ, ಪಶ್ಚಿಮ ದಂಡೆಯ ವಸಾಹತುಗಳಲ್ಲಿ ನೆಲೆಗೊಳಿಸಿದರು. 2005ರಲ್ಲಿ ಗಾಜಾದ ವಸಾಹತುಗಳನ್ನು ತೆರವು ಮಾಡಿದಾಗ ಅವರು ಮತ್ತೊಮ್ಮೆ ಗಂಟುಮೂಟೆ ಕಟ್ಟಿದರು. ಭಾರತದಿಂದ ಯಾರೂ ಓಡಿಹೋಗಲಿಲ್ಲವೆಂದು ಮೊದಲು ಹೇಳಿದ ಮಾತು ಇವರಿಗೆ ಪೂರ್ತಿ ಒಪ್ಪುವುದಿಲ್ಲ. 2023ರ ಮೇ ತಿಂಗಳಲ್ಲಿ ಮಣಿಪುರ ಹೊತ್ತಿ ಉರಿದಾಗ ಮನೆ ಕಳೆದುಕೊಂಡವರಲ್ಲಿ ಇವರೂ ಇದ್ದರು.

ಇದುವರೆಗೆ ಸುಮಾರು ಐದು ಸಾವಿರ ಜನ ಹೋಗಿದ್ದಾರೆ. ಉಳಿದ ಸುಮಾರು 5,800 ಜನರನ್ನು 2030ರೊಳಗೆ ಕರೆತರುವ ಯೋಜನೆಗೆ ಇಸ್ರೇಲ್ ಸಂಪುಟ 2025ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಹೆಚ್ಚಿನವರಿಗೆ ಉತ್ತರದ ಗಲಿಲಿ ಸೀಮೆಯಲ್ಲಿ ನೆಲೆ. ರಬ್ಬಿಗಳ ತಂಡ ಮೊದಲು ಭಾರತಕ್ಕೆ ಬಂದು ಅರ್ಜಿದಾರರನ್ನು ಸಂದರ್ಶಿಸುತ್ತದೆ. ಅಲ್ಲಿಗೆ ಹೋದ ಮೇಲೆ ಹೀಬ್ರೂ ತರಗತಿ, ಮತಾಂತರದ ತರಗತಿ, ಕಡೆಗೆ ಧಾರ್ಮಿಕ ನ್ಯಾಯಾಲಯದ ಪರೀಕ್ಷೆ. ಪೌರತ್ವ ಅದಾದ ಮೇಲೆ.